ಕಿಡ್ನಿಗಾಗಿ ಪ್ರಾರ್ಥಿಸುತ್ತಿದ್ದ ಸಹೋದರಿಯವರ ವಿಷಯವಾಗಿ

ಇತ್ತೀಚೆಗೆ ನಮ್ಮನ್ನು ಅಗಲಿದ ಸಹೋದರಿಯೊಬ್ಬರ ಕುರಿತು ಸಭೆಯ ವಾರ್ಷಿಕ ಸಂಚಿಕೆಗೆ ಬರೆದುಕೊಡತಕ್ಕದ್ದೆಂದು ಸಭಾಪಾಲಕರು ನನಗೆ ಸೂಚಿಸಿರುತ್ತಾರೆ. ಸದರಿ ಸೂಚನೆಯ ಮೇರೆಗೆ ಈ ಬರಹವನ್ನು ಸಭೆಯ ಬಂಧುಗಳ ಅವಗಾಹನೆಗೆ ಸಲ್ಲಿಸುತ್ತಿದ್ದೇನೆ. ಮೊದಲು ಸರ್ಕಾರಿ ಕಚೇರಿಯಲ್ಲಿ ಪತ್ರಗಳನ್ನೂ, ನಿವೃತ್ತಿಯ ನಂತರ ಸಭೆಯ ಕಾರ್ಯದರ್ಶಿಯಾಗಿ ಪ್ರಕಟಣೆಗಳನ್ನೂ ಬರೆದಿರುವುದನ್ನು ಬಿಟ್ಟರೆ, ಒಬ್ಬ ವ್ಯಕ್ತಿಯ ಬಗ್ಗೆ ಬರೆದ ಅನುಭವ ನನಗೆ ಇರುವುದಿಲ್ಲ. ಆದ್ದರಿಂದ ಯಾವುದು ಮುಖ್ಯ, ಯಾವುದು ಅಲ್ಲ ಎಂಬುದನ್ನು ತೀರ್ಮಾನಿಸಲು ತೊಡಕಾಗಿದೆ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಸಹೋದರಿಯವರ ಹೆಸರನ್ನು ಅವರ ಮಗಳ ಇಚ್ಛೆಯಂತೆ ಇಲ್ಲಿ ನಮೂದಿಸಿಲ್ಲ. ಅವರು ಎಲ್ಲಿ ಹುಟ್ಟಿದರು, ಎಲ್ಲಿಯವರೆಗೆ ಓದಿದರು ಎಂಬ ಮಾಹಿತಿಯೂ ನನ್ನಲ್ಲಿಲ್ಲ. ನಾನು ಕಣ್ಣಾರೆ ಕಂಡದ್ದನ್ನು, ಅವರ ಬಾಯಿಂದ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಅವರು ಕೊಡಿಗೇಹಳ್ಳಿಯಲ್ಲಿ ಒಂದೇ ಶಟರಿನ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಹೆಂಗಸರ ರವಿಕೆ, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಅವರ ಕಸುಬು. ಪತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಇದ್ದವಳು ಒಬ್ಬಳೇ ಮಗಳು. ತಣಿಸಂದ್ರದ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಒಂದು ಜ್ವರದ ನೆಪದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಆಕೆಯ ಎರಡೂ ಕಿಡ್ನಿಗಳು ಬಹುತೇಕ ಕೆಲಸ ನಿಲ್ಲಿಸಿರುವುದು ತಿಳಿದುಬಂತು. ತನ್ನದನ್ನು ಕೊಡಲು ತಾಯಿ ಕೂಡಲೇ ಮುಂದಾದರು. ಸಕ್ಕರೆ ಕಾಯಿಲೆ ಇದ್ದುದರಿಂದ ವೈದ್ಯರು ಒಪ್ಪಲಿಲ್ಲ. ಹತ್ತಿರದ ಬಂಧುಗಳಲ್ಲಿ ಕೆಲವರಿಗೆ ಹೊಂದಲಿಲ್ಲ, ಕೆಲವರಿಗೆ ಮನಸ್ಸಾಗಲಿಲ್ಲ. ಮೆದುಳು ಸತ್ತವರೆಂದು ಘೋಷಿತರಾದವರ ಕಿಡ್ನಿ ದೊರೆಯುವುದಕ್ಕಾಗಿ ಹೆಸರು ನೋಂದಾಯಿಸಿ, ಸರದಿ ಕಾಯುವುದೊಂದೇ ದಾರಿ ಉಳಿಯಿತು. ಅಲ್ಲಿಯವರೆಗೆ ವಾರಕ್ಕೆ ಮೂರು ಸಲ ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಸಹೋದರಿಯವರು ದೇವರಲ್ಲಿ ಕೇಳುತ್ತಿದ್ದುದು ಈ ಒಂದು ಕಿಡ್ನಿಯನ್ನು, ಕೊನೆಯವರೆಗೂ ಇದೊಂದನ್ನೇ.

ಅವರ ಪ್ರಾರ್ಥನೆಯ ರೀತಿಯನ್ನು ತಿಳಿಯಬೇಕಾದರೆ ಅವರ ಅಂಗಡಿಯನ್ನು ನೋಡಬೇಕಾಗಿತ್ತು. ಬಾಯಿಯ ಒಂದು ಬದಿಯಲ್ಲಿ ಗುಂಡುಪಿನ್ನುಗಳನ್ನು ಕಚ್ಚಿಕೊಂಡು ಇನ್ನೊಂದು ಬದಿಯಿಂದ ಮಾತನಾಡುವುದು ಅವರ ಅಭ್ಯಾಸ. ರವಿಕೆ ಕೇಳಲು ಬಂದವರಿಗೆಲ್ಲ ನಾಳೆ ಬನ್ನಿ ಎನ್ನುತ್ತಿದ್ದರು. ಒಮ್ಮೆ ನನ್ನ ಪತ್ನಿಯ ರವಿಕೆಯ ಸಲುವಾಗಿ ನಾನೇ ಹೋದಾಗ ನನಗೂ ಅದೇ ಉತ್ತರ ದೊರೆಯಿತು. ಇದು ಎಷ್ಟನೆಯ ನಾಳೆ ಎಂದು ನಾನು ಸ್ವಲ್ಪ ಬಿಗಿಯಾಗಿಯೇ ವಿಚಾರಿಸಿದೆ. ಅವರು ಪಿನ್ನುಗಳನ್ನು ಅಂಗೈಗೆ ಉಗಿದುಕೊಂಡು ನಕ್ಕರು.

“ನಾಳೆ ಅಂದ್ರೆ ಇಲ್ಲ ಅಂತಲ್ಲ ಅಣ್ಣ. ಬಟ್ಟೆ ತಗೊಂಡಿದೀನಿ, ಕತ್ತರಿಸಿಲ್ಲ, ಅಷ್ಟೇ. ಯಾರದ್ದು ಮೊದ್ಲು ಹೊಲೀತೀನಿ ಗೊತ್ತಾ? ದಿನಾ ಬಂದು ಬಾಗಿಲಲ್ಲಿ ನಿಂತ್ಕೋತಾರಲ್ಲ, ಅವರದ್ದು. ಪ್ರೀತಿಗಲ್ಲ, ಕಾಟ ತಡೀಲಾರ್ದೆ. ನಮ್ಮ ಸ್ವಾಮೀನೂ ನಂಗೆ ನಾಳೆ ಅಂತಿದಾನೆ. ಟೈಲರ್ ಹತ್ರ ಟೈಲರ್ ಆಟ ನಡೆಯತ್ತಾ? ನಾನೂ ದಿನಾ ಹೋಗಿ ನಿಂತ್ಕೋತೀನಿ.”

ಅವರು ಹಾಗೆ ದಿನವೂ ಹೋಗಿ ನಿಲ್ಲುತ್ತಿದ್ದುದು ಸತ್ಯ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಹೊಲಿಗೆ ಯಂತ್ರದ ಮೇಲೆ ಎರಡೂ ಅಂಗೈಗಳನ್ನು ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಗಿರಾಕಿಗಳು ಬಂದರೂ ಕಣ್ಣು ತೆರೆಯುತ್ತಿರಲಿಲ್ಲ. ಬಂದವರು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಅವರು ಆಮೆನ್ ಎನ್ನುವ ಮೊದಲು ಮಾತನಾಡಿಸಬಾರದೆಂಬುದು ಆ ಬೀದಿಯ ಎಲ್ಲರಿಗೂ ರೂಢಿಯಾಗಿತ್ತು. ಅವರ ಮಗಳಿಗೆ ಚಿಕ್ಕಂದಿನಿಂದಲೇ ರೂಢಿಯಾಗಿತ್ತು.

ಅಂಗಡಿಯ ಮಾಲೀಕರಾದ ಗೌಡರು ಹಳೆಯ ಊರಿನವರು. ತಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡ ಎಬ್ಬಿಸಿ, ಕೆಳಗಡೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಸಹೋದರಿಯವರನ್ನು ಛೇಡಿಸದೆ ಅವರಿಗೆ ದಿನ ಕಳೆಯುತ್ತಿರಲಿಲ್ಲ.

“ಏನಮ್ಮಾ, ನಿಮ್ ದ್ಯಾವ್ರು ಇನ್ನೂ ಫೋನ್ ಎತ್ತಲಿಲ್ವಾ? ಇಂಗೇ ಎಷ್ಟ್ ದಿನ ರಿಂಗ್ ಒಡೀತಿಯಾ?”

“ಎಂಗೇಜ್ ಬರ್ತಿದೆ ಗೌಡ್ರೇ. ನಾನ್ ಕಟ್ ಮಾಡಿಲ್ಲ, ಲೈನಲ್ಲೇ ಇದೀನಿ.”

ಇದೇ ಗೌಡರು ಸಹೋದರಿಯವರ ಮಗಳ ಸಲುವಾಗಿ ತಮ್ಮ ಊರ ದೇವತೆಗೆ ಹರಕೆ ಹೊತ್ತಿದ್ದರೆಂಬುದು ನನಗೆ ತಡವಾಗಿ ತಿಳಿಯಿತು. ಸಹೋದರಿಯವರಿಗೆ ಇದು ಮೊದಲೇ ಗೊತ್ತಿತ್ತು. ಗೌಡರ ಮೊಮ್ಮಗಳ ಲಂಗವನ್ನು ಮಾತ್ರ ನಾಳೆ ಎನ್ನದೆ ಅಂದೇ ಹೊಲಿದುಕೊಟ್ಟರು.

ಇನ್ನೊಂದು ಸಂಗತಿ. ಡಯಾಲಿಸಿಸ್‌ನಲ್ಲಿರುವವರು ನೀರನ್ನು ಅಳೆದು ಕುಡಿಯಬೇಕಾಗುತ್ತದೆ. ಮಗಳು ಬೇಸಿಗೆಯಲ್ಲಿ ಒಂದು ಮಂಜುಗಡ್ಡೆಯ ಚೂರನ್ನು ಬಾಯಲ್ಲಿಟ್ಟುಕೊಂಡು ಮಧ್ಯಾಹ್ನ ಕಳೆಯುತ್ತಿದ್ದಳು. ಸಹೋದರಿಯವರು ಅವಳ ಎದುರಿಗೆ ನೀರು ಕುಡಿದದ್ದನ್ನು ನಾನು ನೋಡಿಲ್ಲ. ಸಹಕಾರನಗರದ ನಮ್ಮ ಮನೆಗೆ ಒಬ್ಬರೇ ಬಂದರೆ ನೇರ ಅಡುಗೆಮನೆಗೆ ಹೋಗಿ, ಸಿಂಕಿನ ಬಳಿ ನಿಂತು, ಎರಡು ಲೋಟ ನೀರನ್ನು ಉಸಿರು ಬಿಡದೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಈಚೆಗೆ ಬರುತ್ತಿದ್ದರು.

ಈಗ ಶುಕ್ರವಾರದ ಕೂಟದ ವಿಷಯ. ನಮ್ಮ ಸಭೆಯವರಿಗೆ ತಿಳಿದಿರುವಂತೆ, ಪ್ರತಿ ಶುಕ್ರವಾರ ಸಂಜೆ ಸರದಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ಏರ್ಪಡುತ್ತದೆ. ದುಂಡಗೆ ಕುರ್ಚಿ ಹಾಕಿ ಕೂರುತ್ತೇವೆ. ನಮ್ಮಲ್ಲಿ ಯಾರೂ ತಮ್ಮ ಭಾರಕ್ಕಾಗಿ ತಾವೇ ಬಾಯಿಬಿಟ್ಟು ಪ್ರಾರ್ಥಿಸುವ ಪದ್ಧತಿಯಿಲ್ಲ. ತಮಗೇನು ಬೇಕೆಂದು ಬಲಗಡೆ ಕುಳಿತವರಿಗೆ ಹೇಳಬೇಕು. ಅವರು ಅದನ್ನು ದೇವರ ಮುಂದೆ ಇಡಬೇಕು. ಹೀಗೆ ಒಬ್ಬರ ಭಾರ ಇನ್ನೊಬ್ಬರ ನಾಲಿಗೆಯ ಮೇಲೆ ಸುತ್ತು ಬರುತ್ತದೆ.

ಒಂದು ಶುಕ್ರವಾರ ಇಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಹಿರಿಯರೊಬ್ಬರ ಮನೆಯಲ್ಲಿ ಕೂಟವಿತ್ತು. ಸಹೋದರಿಯವರ ಬಲಗಡೆ ಆ ಹಿರಿಯರೇ ಕುಳಿತಿದ್ದರು. ಒಳ್ಳೆಯ ಮನಸ್ಸಿನವರು, ಕಾರ್ಖಾನೆಯಲ್ಲಿ ದುಡಿದವರಾದ್ದರಿಂದ ಕೆಲಸ ಬೇಗ ಆಗಬೇಕೆನ್ನುವವರು. ಕರ್ತನೇ, ಈ ಮಗುವಿಗಾಗಿ ಆದಷ್ಟು ಬೇಗ ಒಬ್ಬ ದಾನಿಯನ್ನು ಸಿದ್ಧಮಾಡು ಎಂದು ಅವರು ಗಟ್ಟಿಯಾಗಿ ಬೇಡಲಾರಂಭಿಸಿದರು. ಆಗ ನಮ್ಮ ಕೂಟದಲ್ಲಿ ಎಂದೂ ನಡೆಯದ್ದು ನಡೆಯಿತು. ಸಹೋದರಿಯವರು ಅವರ ಮೊಣಕೈ ಹಿಡಿದು ಪ್ರಾರ್ಥನೆಯನ್ನು ನಡುವೆಯೇ ನಿಲ್ಲಿಸಿದರು.

“ಬೇಡ ಅಣ್ಣ, ಹಂಗ್ ಕೇಳ್ಬೇಡಿ. ಸಿದ್ಧಮಾಡು ಅಂದ್ರೆ ಯಾರನ್ನ? ಯಾವ್ ಮನೆ ಮಗನ್ನ?”

ನಾವೆಲ್ಲರೂ ಅಷ್ಟು ಕಾಲದಿಂದ ಬೇಡುತ್ತಿದ್ದುದು ಒಂದು ಸಾವಿಗಾಗಿಯೂ ಹೌದೆಂಬುದು ನಮಗೆ ಹೊಳೆದಿರಲಿಲ್ಲ. ಹಿರಿಯರು ಕನ್ನಡಕ ತೆಗೆದು ಒರೆಸುತ್ತಾ, ಹಾಗಾದರೆ ಹೇಗೆ ಕೇಳಬೇಕೆಂದು ನೀವೇ ಹೇಳಿಬಿಡಿ ತಾಯಿ ಎಂದರು. ಸಹೋದರಿಯವರು ಬಹಳ ಹೊತ್ತು ಯೋಚಿಸಿದರು. ಯಾರದಾದರೂ ಆಯಸ್ಸು ತಾನಾಗಿಯೇ ಮುಗಿಯುವುದಿದ್ದರೆ, ಆ ಮನೆಯವರಿಗೆ ಕೊಡುವ ಮನಸ್ಸು ಕೊಡು, ಕೊಟ್ಟ ಮೇಲೆ ತಡೆದುಕೊಳ್ಳುವ ಧೈರ್ಯವನ್ನೂ ಕೊಡು. ಹೀಗೆ ಕೇಳಬೇಕೆಂದು ತಿಳಿಸಿದರು. ಹೇಳಿಯಾದ ಮೇಲೂ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ. ರವಿಕೆಯ ಅಳತೆ ಸರಿಬರಲಿಲ್ಲವೆಂದು ಗೊತ್ತಿದ್ದೂ ಕೊಟ್ಟು ಕಳಿಸುವವರ ಹಾಗೆ ಇದ್ದರು.

ಅಂದಿನಿಂದ ಅವರ ಬಲಗಡೆ ಕೂರಲು ಎಲ್ಲರಿಗೂ ಹಿಂಜರಿಕೆ. ಕಾರ್ಯದರ್ಶಿ ಎಂಬ ಕಾರಣಕ್ಕೆ ಆ ಕುರ್ಚಿ ನನ್ನ ಪಾಲಿಗೆ ಬಂತು. ನಾನು ಸದರಿ ವಾಕ್ಯವನ್ನು ಪ್ರತಿ ಶುಕ್ರವಾರವೂ ಒಂದಕ್ಷರ ಬದಲಿಸದೆ ಒಪ್ಪಿಸುತ್ತಿದ್ದೆನು.

ನನ್ನ ಬಳಿ ಕಾರು ಇದ್ದುದರಿಂದ ಕೆಲವು ದಿನ ಅವರಿಬ್ಬರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ಅವಕಾಶ ಒದಗಿತ್ತು. ಹೆಬ್ಬಾಳದ ಮೇಲುಸೇತುವೆಯ ಬಳಿ ವಾಹನಗಳು ನಿಂತಲ್ಲೇ ನಿಂತಿರುವಾಗ ಹಿಂದಿನಿಂದ ಆಂಬುಲೆನ್ಸಿನ ಕೂಗು ಕೇಳಿಸುವುದು ಸಾಮಾನ್ಯ. ಆ ಕೂಗು ಕೇಳಿದೊಡನೆ ಸಹೋದರಿಯವರು ಕಣ್ಣು ಮುಚ್ಚಿ, ಬದುಕಿಕೊಳ್ಳಲಿ ಸ್ವಾಮಿ, ಬದುಕಿಕೊಳ್ಳಲಿ ಎಂದು ಸಣ್ಣ ದನಿಯಲ್ಲಿ ಹೇಳತೊಡಗುತ್ತಿದ್ದರು. ವಾಹನ ದಾಟಿಹೋಗುವವರೆಗೂ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಮಗಳು ಸೂಜಿ ಚುಚ್ಚಿ ಚುಚ್ಚಿ ಗಂಟುಗಟ್ಟಿದ ತನ್ನ ತೋಳನ್ನು ಸವರಿಕೊಳ್ಳುತ್ತಾ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಮುಂದೆ ಒಂದು ಭಾನುವಾರ ಆರಾಧನೆಯ ಮಧ್ಯದಲ್ಲಿ ಸಹೋದರಿಯವರಿಗೆ ಆಸ್ಪತ್ರೆಯಿಂದ ಫೋನ್ ಬಂತು. ಒಂದು ಕಿಡ್ನಿ ಲಭ್ಯವಾಗುವ ಸಂಭವವಿದೆ, ಮಗಳನ್ನು ಕೂಡಲೇ ಕರೆತರತಕ್ಕದ್ದು ಎಂದು ತಿಳಿಸಿದ್ದರು. ಸುದ್ದಿ ಸಭಾಪಾಲಕರ ಕಿವಿಗೆ ಮುಟ್ಟಿತು. ನಮ್ಮಲ್ಲಿ ದೊರೆತ ಉತ್ತರಕ್ಕೆ ಎದ್ದು ನಿಂತು ಸ್ತೋತ್ರ ಸಲ್ಲಿಸುವ ಪದ್ಧತಿಯಿದೆ. ಸಂತೋಷದ ಭರದಲ್ಲಿ ಅವರು ಪ್ರಾರ್ಥನೆ ಕೇಳಲ್ಪಟ್ಟಿದೆ ಎಂದು ಪ್ರಕಟಿಸಿಯೇಬಿಟ್ಟರು. ಸಭೆಯೆಲ್ಲ ಎದ್ದು ಕೈತಟ್ಟಿ ಹಾಡತೊಡಗಿತು. ಬ್ಯಾಗು ಹಿಡಿದು ಬಾಗಿಲವರೆಗೆ ಹೋಗಿದ್ದ ಸಹೋದರಿಯವರು ಹಿಂತಿರುಗಿ ಬಂದು, ಹಾಡು ನಿಲ್ಲುವವರೆಗೂ ನಿಂತಿದ್ದು, ಕೈಮುಗಿದು ಹೇಳಿದರು:

“ಆ ಮನೇಲಿ ಈಗ ಅಳ್ತಿರ್ತಾರೆ. ಸ್ವಲ್ಪ ಮೆತ್ತಗೆ ಹಾಡಿ.”

ನಾನೇ ತಾಯಿ ಮಗಳಿಬ್ಬರನ್ನೂ ಕರೆದೊಯ್ದೆ. ಆಸ್ಪತ್ರೆಯಲ್ಲಿ ತಿಳಿದುಬಂದದ್ದೇನೆಂದರೆ, ಆ ಆಸ್ಪತ್ರೆಯ ಪಾಲಿಗೆ ಬಂದದ್ದು ಒಂದು ಕಿಡ್ನಿ, ಕರೆಸಿದ್ದು ಇಬ್ಬರನ್ನು. ರಕ್ತವನ್ನು ತಾಳೆ ನೋಡಿ, ಸರದಿಯಲ್ಲಿ ಮುಂದಿರುವವರಿಗೆ ಹೊಂದದಿದ್ದಲ್ಲಿ ಮಾತ್ರ ಎರಡನೆಯವರಿಗೆ. ನಮ್ಮ ಹುಡುಗಿ ಎರಡನೆಯವಳು. ಮೊದಲನೆಯವನು ಯಲಹಂಕದ ಕಡೆಯ ಒಬ್ಬ ಯುವಕ. ಅವನ ಜೊತೆಗೂ ತಾಯಿ ಬಂದಿದ್ದರು. ಆ ತಾಯಿ ಕುಂಕುಮದ ಪೊಟ್ಟಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಫಲಿತಾಂಶ ಬರಲು ಸಂಜೆಯಾಯಿತು. ಅಷ್ಟು ಹೊತ್ತೂ ಇಬ್ಬರು ತಾಯಂದಿರು ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ನಡುವೆ ಒಮ್ಮೆ ಆ ತಾಯಿ ನನ್ನ ಮಗನಿಗೂ ಒಂದು ಮಾತು ಕೇಳಿಕೊಳ್ಳಮ್ಮ ಎಂದರು. ಸಹೋದರಿಯವರು ಅವರ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟು, ಕಣ್ಣು ಮುಚ್ಚಿ, ಅವನಿಗೂ ಹೊಂದಲಿ ಸ್ವಾಮಿ ಎಂದು ಬೇಡಿಕೊಂಡರು. ಇದನ್ನು ನಾನು ಕೇಳಿಸಿಕೊಂಡೆ. ಎದುರು ಬೆಂಚಿನಲ್ಲಿದ್ದ ಮಗಳೂ ಕೇಳಿಸಿಕೊಂಡಳು.

ಅವನಿಗೆ ಹೊಂದಿತು.

ಹಿಂತಿರುಗುವಾಗ ಕೊಡಿಗೇಹಳ್ಳಿಯ ರೈಲ್ವೆ ಗೇಟು ಬಿದ್ದು ನಾವು ನಿಂತಿದ್ದಾಗ ಮಗಳು ಶಾಂತವಾಗಿಯೇ ಹೇಳಿದಳು.

“ಅವನಿಗೋಸ್ಕರಾನೂ ನೀನೇ ಕೇಳ್ದಲ್ಲಮ್ಮ.”

ಸಹೋದರಿಯವರು ಬಾಯಿಯ ಒಂದು ಬದಿಯನ್ನು ಬಿಗಿಯಾಗಿ ಕಚ್ಚಿಕೊಂಡಿದ್ದರು, ಪಿನ್ನುಗಳಿದ್ದಾಗ ಕಚ್ಚಿಕೊಳ್ಳುತ್ತಿದ್ದಂತೆ. ರೈಲು ಹೋಯಿತು, ಗೇಟು ಎದ್ದಿತು.

ಮುಂದಿನ ಶುಕ್ರವಾರ ಅವರು ಬರಲಾರರೆಂದು ಭಾವಿಸಿದ್ದೆ. ಎಲ್ಲರಿಗಿಂತ ಮೊದಲು ಬಂದು ಕುರ್ಚಿಗಳನ್ನು ಜೋಡಿಸುತ್ತಿದ್ದರು. ಬೇಸರವಾಗುವುದಿಲ್ಲವೇ ಎಂದು ಕೇಳಿದೆ. ಅವರು ಒಂದು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.

“ಆಗತ್ತೆ ಅಣ್ಣ. ತುಂಬಾ ಆಗತ್ತೆ. ಸ್ವಾಮಿಗೂ ಬೇಸರ ಆಗ್ಲಿ ಅಂತಾನೇ ಹೋಗ್ತಿರೋದು.”

ಇಲ್ಲಿ ನಾನು ಅವರನ್ನು ಸಂತರೆಂಬಂತೆ ಬಿಂಬಿಸಿದಲ್ಲಿ ತಪ್ಪಾಗುತ್ತದೆ. ಆ ಭಾನುವಾರದ ನಂತರ ಅವರು ಸೊರಗಿದರು. ಹೊಲಿಗೆ ತಪ್ಪತೊಡಗಿತು, ಒಂದು ರವಿಕೆಗೆ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಟ್ಟಿದ್ದರೆಂದು ನನ್ನ ಪತ್ನಿ ಹೇಳಿದಳು. ತಮ್ಮ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಗದರಿದರೆ ನಾಳೆಯಿಂದ ಎನ್ನುತ್ತಿದ್ದರು. ಆದರೆ ಶುಕ್ರವಾರದ ವಾಕ್ಯವನ್ನು ಬದಲಿಸಲು ಅವರು ಒಪ್ಪಲಿಲ್ಲ, ಬಿಡಲೂ ಇಲ್ಲ.

ಅವರು ತೀರಿಕೊಂಡ ಬಗೆಯನ್ನು ಬರೆಯುವುದು ಅಗತ್ಯವೇ ಎಂದು ಸಭಾಪಾಲಕರನ್ನು ವಿಚಾರಿಸಿದೆ. ನಿಮ್ಮ ವಿವೇಚನೆಗೆ ಬಿಟ್ಟಿದ್ದು ಎಂದರು. ಬರೆಯುತ್ತೇನೆ.

ಡಯಾಲಿಸಿಸ್ ನಡೆಯುವಷ್ಟು ಹೊತ್ತು ಅವರು ಹೊರಗಿನ ಮೊಗಸಾಲೆಯಲ್ಲಿ, ಗೋಡೆಗೆ ತಲೆಯಾನಿಸಿ, ಅಂಗೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೂರುವುದು ವಾಡಿಕೆ. ಅಲ್ಲಿನ ನರ್ಸುಗಳಿಗೂ ಆಯಾಗಳಿಗೂ ಇದು ಪರಿಚಿತ. ಅಮ್ಮ ಪ್ರಾರ್ಥನೆಯಲ್ಲಿದ್ದಾರೆ ಎಂದು ದನಿ ತಗ್ಗಿಸಿ ದಾಟಿಹೋಗುತ್ತಿದ್ದರು. ಆ ದಿನವೂ ಹಾಗೆಯೇ ದಾಟಿಹೋದರು. ನೆಲ ಒರೆಸುವಾಕೆ ಅವರ ಕಾಲಿನ ಸುತ್ತ ತೇವವಾಗದಂತೆ ಒರೆಸಿದಳು. ಡಯಾಲಿಸಿಸ್ ಮುಗಿಸಿ ಮಗಳು ಹೊರಬಂದಳು. ತಾಯಿ ಕಣ್ಣು ಮುಚ್ಚಿರುವುದನ್ನು ಕಂಡು, ಚಿಕ್ಕಂದಿನಿಂದ ಮಾಡುತ್ತಿದ್ದ ಹಾಗೆ, ಸದ್ದು ಮಾಡದೆ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಆಮೆನ್ ಎನ್ನಲೆಂದು ಕಾದಳು. ಸುಸ್ತಾಗಿತ್ತು, ಮನೆಗೆ ಹೋಗಿ ಮಲಗಬೇಕೆನಿಸಿತ್ತು, ಆದರೂ ಕಾದಳು. ಎಷ್ಟು ಹೊತ್ತೆಂದು ಅವಳು ಯಾರಿಗೂ ಹೇಳಿಲ್ಲ. ಕೊನೆಗೆ ತಾಯಿಯ ಕೈಯನ್ನು ಮುಟ್ಟಿದಳು.

ಹೃದಯಾಘಾತವೆಂದು ವೈದ್ಯರು ತಿಳಿಸಿದರು. ಬಹಳ ಮೊದಲೇ ಆಗಿರಬೇಕು, ನೋವು ಗೊತ್ತಾಗಿರಲಾರದು ಎಂದೂ ಹೇಳಿದರು. ಸಕ್ಕರೆ ಕಾಯಿಲೆಯವರಿಗೆ ಹಾಗಾಗುವುದುಂಟಂತೆ.

ಮಣ್ಣು ಮಾಡುವ ದಿನ ಗೌಡರು ಅಂಗಡಿ ಸಾಲಿನ ಶಟರುಗಳನ್ನೆಲ್ಲ ಇಳಿಸಿ ಬಂದಿದ್ದರು. ಸಮಾಧಿಯ ಬಳಿ ನಿಂತು, ಈಗ ಎದುರಾಎದುರೇ ಕೇಳ್ತಾವ್ಳೆ ಬುಡಿ ಎಂದು ಯಾರಿಗೋ ಹೇಳಿದರು. ಪಕ್ಕದಲ್ಲೇ ಇದ್ದ ಮಗಳು ಅವರನ್ನು ನೋಡಿದ ನೋಟಕ್ಕೆ ಅವರು ತಲೆ ತಗ್ಗಿಸಿದರು.

ಈಗ ಮಗಳನ್ನು ಅವಳ ಚಿಕ್ಕಮ್ಮ ನೋಡಿಕೊಳ್ಳುತ್ತಿದ್ದಾರೆ. ವಾರಕ್ಕೆ ಮೂರು ಸಲದ ಡಯಾಲಿಸಿಸ್ ಮುಂದುವರಿದಿದೆ. ಸರದಿಯಲ್ಲಿ ಹೆಸರು ಹಾಗೆಯೇ ಇದೆ. ತಾಯಿ ಇದ್ದಾಗ ಅವಳು ಶುಕ್ರವಾರದ ಕೂಟಕ್ಕೆ ಬರುತ್ತಿದ್ದುದು ಕಡಿಮೆ; ಈಗ ಬರುವುದೇ ಇಲ್ಲವೆಂದು ನಾವು ತಿಳಿದಿದ್ದೆವು. ಕಳೆದ ಶುಕ್ರವಾರ ಬಂದಳು. ಕೂಟ ನಮ್ಮ ಮನೆಯಲ್ಲಿತ್ತು. ನನ್ನ ಎಡಗಡೆಯ ಕುರ್ಚಿಯನ್ನು ಯಾರೂ ತುಂಬಿರಲಿಲ್ಲ. ಅವಳು ನೇರವಾಗಿ ಬಂದು ಅದರಲ್ಲಿ ಕುಳಿತಳು. ಮುಖ ಊದಿತ್ತು.

ಸುತ್ತು ಬಂದು ಅವಳ ಸರದಿ ತಲುಪಿತು. ತಾಯಿಯ ಅಗಲಿಕೆಯ ದುಃಖದಲ್ಲಿ ಸಮಾಧಾನಕ್ಕಾಗಿ ಕೇಳುವಳೆಂದು ನಿರೀಕ್ಷಿಸಿ ನಾನು ಕಣ್ಣು ಮುಚ್ಚಿದೆ.

“ಕಣ್ಣು ಮುಚ್ಚಬೇಡಿ ಅಂಕಲ್. ನಂಗೆ ಭಯ ಆಗತ್ತೆ.”

ತೆರೆದೆ. ಉಳಿದವರೂ ತೆರೆದರು. ಅವಳು ನನ್ನನ್ನೇ ನೋಡುತ್ತಿದ್ದಳು.

“ಅಮ್ಮ ಹೇಳಿಕೊಟ್ಟಿದ್ದು ಬೇಡ. ಅಮ್ಮ ಎಲ್ಲಾರಿಗೂ ಕೇಳಿದ್ರು. ಆಂಬುಲೆನ್ಸಲ್ಲಿ ಹೋಗೋರಿಗೂ ಕೇಳಿದ್ರು. ಯಾರ ಮನೆಗೂ ಧೈರ್ಯ ಬೇಡ ಇವತ್ತು. ನಂಗೆ ಒಂದು ಕಿಡ್ನಿ ಬೇಕು, ಬೇಗ ಬೇಕು ಅಂತ ಕೇಳಿ. ಅಷ್ಟೇ.”

ಸಿಂಗಾಪುರದ ಹಿರಿಯರು ನೆಲ ನೋಡಿದರು. ನಾನು ಪರಲೋಕದ ತಂದೆಯೇ ಎಂದು ಆರಂಭಿಸಿದೆ. ಅಭ್ಯಾಸಬಲದಿಂದ ಹಳೆಯ ವಾಕ್ಯವೇ ನಾಲಿಗೆಗೆ ಬಂತು. ಯಾರದಾದರೂ ಆಯಸ್ಸು ಎನ್ನುವಷ್ಟರಲ್ಲಿ ಅವಳು ತಲೆಯಾಡಿಸಿದಳು. ನಿಲ್ಲಿಸಿದೆ. ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಮಾತುಗಳು ಹೇಗೋ ಒದಗುತ್ತವೆ. ಒಂದು ಮುಖವನ್ನು ನೋಡುತ್ತಾ ಬೇಡುವುದು ನನಗೆ ತಿಳಿದಿರಲಿಲ್ಲ. ಇವಳು ಬದುಕಬೇಕು ಎಂದೆ. ಇವಳು ಬದುಕಬೇಕು ಸ್ವಾಮಿ ಎಂದು ಇನ್ನೊಮ್ಮೆ ಎಂದೆ. ಮುಂದೆ ಹೋಗಲಾಗಲಿಲ್ಲ.

“ಕಿಡ್ನಿ ಅಂತ ಹೇಳಿ ಅಂಕಲ್.”

ಹೊರಗೆ ಉದ್ಯಾನದಲ್ಲಿ ಮಕ್ಕಳು ಆಡುತ್ತಿದ್ದರು. ಒಬ್ಬೊಬ್ಬ ಮಗುವಿನ ಕೂಗೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.

“ಹೇಳಿ.”

ಈ ಹುಡುಗಿಗೆ ಒಂದು ಕಿಡ್ನಿ ಕೊಡು, ಬೇಗ ಕೊಡು ಎಂದು ಹೇಳಿದೆನು. ಯಾವ ಮನೆಯಿಂದ ಎಂಬುದನ್ನು ಹೇಳಲಿಲ್ಲ. ಆಮೆನ್ ಎಂದವಳು ಅವಳೊಬ್ಬಳೇ.